ಈ ಚುಚ್ಚುಮದ್ದು ನಮ್ಮ ಊರಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಅಮ್ಮನಿಗೆ ಅಕ್ರೊಮೆಗಲಿ ಇದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ, ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆ. ಮೊದಮೊದಲು ಬಳೆ ಕೈಗೆ ಏರುತ್ತಿರಲಿಲ್ಲ, ಚಪ್ಪಲಿ ಬಿಗಿಯಾಗುತ್ತಿತ್ತು. ವಯಸ್ಸಾಯ್ತು, ಮೈ ಬಂದಿದೆ ಅಂದುಕೊಂಡು ನಾವು ವರ್ಷಗಟ್ಟಲೆ ಸುಮ್ಮನಿದ್ದೆವು. ಆಪರೇಷನ್ ಮಾಡಿದರೂ ಗಡ್ಡೆ ಪೂರ್ತಿ ಹೋಗಲಿಲ್ಲ. ಅಂದಿನಿಂದ 28 ದಿನಕ್ಕೊಮ್ಮೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು.

ಚುಚ್ಚಲು ಕೆಲವೇ ನಿಮಿಷ ಸಾಕು. ಅದಕ್ಕಾಗಿ ಶಿರಸಿಯಿಂದ ಬೆಂಗಳೂರಿಗೆ ಒಂದು ರಾತ್ರಿ ಬಸ್ಸು, ಮರುರಾತ್ರಿ ವಾಪಸು. ಚುಚ್ಚಿದ ಜಾಗ ಗಂಟು ಕಟ್ಟಿರುತ್ತದೆ, ಅದರ ಮೇಲೇ ಕೂತು ಬರಬೇಕು. ಮದ್ದಿನ ಬಲ ಇಳಿಯುವ ಕೊನೆಯ ವಾರದಲ್ಲಿ ತಲೆನೋವು, ಬೆವರು, ಕೀಲುನೋವು ಮತ್ತೆ ಶುರುವಾಗುತ್ತವೆ. ಪ್ರಯಾಣವೂ ಸರಿಯಾಗಿ ಆಗಲೇ!

ಒಮ್ಮೆ ಮದ್ದನ್ನು ಥರ್ಮಕೋಲ್ ಡಬ್ಬಿಯಲ್ಲಿಟ್ಟು ಊರಿಗೇ ತಂದೆವು. ಅದು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಆದರೆ ಇಲ್ಲಿನ ನರ್ಸ್ 'ಇದನ್ನು ನಾವು ಯಾವತ್ತೂ ಹಾಕಿಲ್ಲ' ಎಂದರು. ಅವರ ಹೆದರಿಕೆ ಸರಿಯಾದದ್ದೇ. ಪುಡಿಯನ್ನು ದ್ರವದಲ್ಲಿ ಹದವಾಗಿ ಕಲಸಿ, ಕಲಸಿದ ತಕ್ಷಣ ಚುಚ್ಚಬೇಕು. ತಡವಾದರೆ ಸೂಜಿ ಕಟ್ಟಿಕೊಂಡು, ಅಷ್ಟು ದುಬಾರಿ ಮದ್ದು ಹಾಳು.

ಇದು ಕಲಿಸಿದರೆ ಬರುವ ಕೆಲಸ ಅಲ್ವಾ? ಲಸಿಕೆಗಳನ್ನು ಇಷ್ಟೇ ತಂಪಿನಲ್ಲಿ ಕಾಪಾಡಿ ಅಭ್ಯಾಸವಿರುವವರು ತಾಲ್ಲೂಕು ಆಸ್ಪತ್ರೆಗಳಲ್ಲಿದ್ದಾರೆ. ದೊಡ್ಡ ಆಸ್ಪತ್ರೆಯ ತಜ್ಞರು ಅವರಿಗೆ ವಿಡಿಯೊ ಕರೆಯಲ್ಲಿ ತೋರಿಸಿಕೊಟ್ಟು, ರೋಗಿಯ ಕೈಗೊಂದು ಚೀಟಿ ಬರೆದುಕೊಟ್ಟರೆ ಸಾಕು. ಆರೋಗ್ಯ ಇಲಾಖೆ ಇದಕ್ಕೊಂದು ಆದೇಶ ಹೊರಡಿಸಲಿ.

ಲ್ಯಾನ್ರಿಯೋಟೈಡ್ ಎಂಬ ಇನ್ನೊಂದು ಮದ್ದು ಸಿರಿಂಜಿನಲ್ಲೇ ತುಂಬಿ ಬರುತ್ತದೆ. ತರಬೇತಿ ಪಡೆದರೆ ಮನೆಯವರೇ ಹಾಕಬಹುದು. ಬೆಳವಣಿಗೆಯ ಹಾರ್ಮೋನ್ ಎಷ್ಟಿದೆ ಎಂದು ತೋರಿಸುವ ರಕ್ತದ ಅಂಶ ಐಜಿಎಫ್-1 ಹತೋಟಿಯಲ್ಲಿದ್ದರೆ ಕೆಲವರಿಗೆ ಅದನ್ನು 6 ಅಥವಾ 8 ವಾರಕ್ಕೊಮ್ಮೆ ಕೊಡುವುದೂ ಉಂಟು. ನಾವಾಗಿ ಕೇಳುವವರೆಗೆ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ವೈದ್ಯರು ದಯವಿಟ್ಟು ತಾವಾಗಿಯೇ ಹೇಳಬೇಕು.

ಅಮೆರಿಕದಲ್ಲಿ 2020ರಲ್ಲಿ ಆಕ್ಟ್ರಿಯೋಟೈಡ್ ಕ್ಯಾಪ್ಸೂಲಿಗೆ, 2025ರಲ್ಲಿ ದಿನಕ್ಕೊಮ್ಮೆ ನುಂಗುವ ಪಾಲ್ಟುಸೊಟಿನ್‌ಗೆ ಒಪ್ಪಿಗೆ ಸಿಕ್ಕಿದೆ. ಅಂಥವು ನಮ್ಮಂಥವರ ಕೈಗೆಟುಕುವ ಬೆಲೆಗೆ ಬರಲಿ. ಅಲ್ಲಿಯವರೆಗೆ ಬಸ್ಸಿನ ಈ ಓಡಾಟವಾದರೂ ತಪ್ಪಲಿ.

ಅಮ್ಮನ ಮುಂದಿನ ಸರದಿ ದೀಪಾವಳಿಯ ಬೆನ್ನಿಗೇ ಬಂದಿದೆ. ಗೋಪೂಜೆ ಮುಗಿಸಿದ ರಾತ್ರಿಯೇ ನಾವು ಹೊರಡಬೇಕು.

– ಓದುಗರೊಬ್ಬರು, ಶಿರಸಿ