ನಲವತ್ತೊಂದು ಸರದಿ, ಒಂದೂ ಹಿಟ್ ಇಲ್ಲ

ಈ ರಾಜ್ಯೋತ್ಸವ ಸಂಚಿಕೆಯ ಸಂಪಾದಕೀಯವನ್ನು ರಾಬಿನ್ ವೆಂಚುರಾ ಎಂಬ ಬೇಸ್‌ಬಾಲ್ ಆಟಗಾರರ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ನಮ್ಮ ಕನ್ನಡ ತರಗತಿಯ ಒಬ್ಬ ಹುಡುಗ. ಹೋದ ವರ್ಷ ನಾಟಕದ ನಡುವೆ ಮಾತು ಮರೆತು ನಿಂತಿದ್ದ ಅವನಿಗೆ ಈ ಸಲವೂ ಪಾತ್ರ ಕೊಡಲು ಹೋದಾಗ, “ಬೇಡ ಆಂಟಿ, ನಂಗೆ ಸ್ಟೇಜ್ ಆಗಲ್ಲ, ಬೇರೆ ಯಾರಿಗಾದ್ರೂ ಕೊಡಿ” ಎಂದುಬಿಟ್ಟ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಆಡುವ ಹುಡುಗನಾದ್ದರಿಂದ ಅವನಿಗೆ ಹೇಳಬೇಕಾದದ್ದನ್ನು ಅವನ ಆಟದ ಮೂಲಕವೇ ಹೇಳುವುದು ಒಳ್ಳೆಯದೆನಿಸಿತು.

ಕ್ಯಾಲಿಫೋರ್ನಿಯಾದ ಸಾಂಟಾ ಮರಿಯಾದಲ್ಲಿ ಹುಟ್ಟಿದ ವೆಂಚುರಾ ಎಡಗೈ ಬ್ಯಾಟುಗಾರರು. ಓದಿದ್ದು ಸ್ಟಿಲ್‌ವಾಟರ್‌ನ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 1987ರಲ್ಲಿ ಅವರು ಸತತ 58 ಪಂದ್ಯಗಳಲ್ಲಿ, ಒಂದನ್ನೂ ಬಿಡದೆ, ಕನಿಷ್ಠ ಒಂದು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಹೊಡೆದರು. ಕಾಲೇಜು ಆಟದ ಅತ್ಯುನ್ನತ ದರ್ಜೆಯಾದ ‘ಡಿವಿಷನ್ 1’ರಲ್ಲಿ ಅದುವರೆಗೆ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಅಮೆರಿಕದ ಅತ್ಯುನ್ನತ ವೃತ್ತಿಪರ ಕೂಟವಾದ ಮೇಜರ್ ಲೀಗ್‌ನಲ್ಲಿ ಜೋ ಡಿಮ್ಯಾಜಿಯೊ 1941ರಲ್ಲಿ ಮಾಡಿದ ಪ್ರಸಿದ್ಧ ದಾಖಲೆಯೂ 56 ಪಂದ್ಯಗಳದ್ದು. ಸರಣಿ ಮುರಿದದ್ದು ಒಮಾಹಾದ ಕಾಲೇಜು ವರ್ಲ್ಡ್ ಸೀರೀಸ್‌ನಲ್ಲಿ, ಸ್ಟ್ಯಾನ್‌ಫರ್ಡ್ ತಂಡದ ಜ್ಯಾಕ್ ಮೆಕ್‌ಡೊವೆಲ್ ಎಸೆತದ ಎದುರು. ಅದೇ ಮೆಕ್‌ಡೊವೆಲ್ ಮುಂದೆ ಶಿಕಾಗೊದಲ್ಲಿ ಅವರ ಜೊತೆ ಆಟಗಾರರಾದರು. ಹತ್ತು ಸರದಿಗೆ ಮೂರು ಹಿಟ್ ಹೊಡೆದವರನ್ನೇ ಹೊಗಳುವ ಈ ಆಟದಲ್ಲಿ ಮೂರು ವರ್ಷಗಳ ಕಾಲೇಜು ಆಟದುದ್ದಕ್ಕೂ ಅವರ ಸರಾಸರಿ .428, ಅಂದರೆ ಹತ್ತು ಸರದಿಗೆ ನಾಲ್ಕಕ್ಕೂ ಹೆಚ್ಚು ಹಿಟ್, ಇತ್ತು. 1988ರಲ್ಲಿ ದೇಶದ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿಯೂ ಅವರಿಗೆ ಬಂತು.

ಆದರೂ ಅವರ ಆಟದ ಬದುಕಿನಲ್ಲಿ ನಾನು ಹೆಚ್ಚು ನೆನೆಯುವುದು 1990ರ ವಸಂತವನ್ನು. ಕಾಲೇಜಿನಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದವರು ಮೇಜರ್ ಲೀಗ್‌ಗೆ ಬಂದಾಗ ಮರದ ಬ್ಯಾಟ್ ಹಿಡಿಯಬೇಕು; ಸ್ವಲ್ಪ ತಪ್ಪಿ ತಗುಲಿದರೂ ಲೋಹದಿಂದ ಚಿಮ್ಮುತ್ತಿದ್ದ ಚೆಂಡು ಮರದಿಂದ ಸತ್ತಂತೆ ಬೀಳುತ್ತದೆ. ಜೊತೆಗೆ ಎದುರಿಗಿರುವ ಎಸೆತಗಾರರು ಜಗತ್ತಿನಲ್ಲೇ ಅತ್ಯುತ್ತಮರು. ಶಿಕಾಗೊ ವೈಟ್ ಸಾಕ್ಸ್ ತಂಡದಲ್ಲಿ ತಮ್ಮ ಮೊದಲ ಪೂರ್ಣ ವರ್ಷದಲ್ಲಿ ವೆಂಚುರಾ ಸಾಲಾಗಿ 41 ಸರದಿಗಳಲ್ಲಿ ಒಂದೇ ಒಂದು ಹಿಟ್ ಹೊಡೆಯಲಾಗದೆ ಹಿಂದಿರುಗಿದರು. ತಂಡ ಅವರನ್ನು ಕೈಬಿಡಲಿಲ್ಲ. ಆ ವರ್ಷ 150 ಪಂದ್ಯಗಳಲ್ಲಿ ಆಡಿಸಿತು. ಮರುವರ್ಷ ಅವರು 23 ಹೋಮ್ ರನ್ (ಚೆಂಡನ್ನು ಗೋಡೆಯಾಚೆ ಅಟ್ಟುವ ಹೊಡೆತ) ಹೊಡೆದರು, 100 ರನ್ ತಂದುಕೊಟ್ಟರು, ಕ್ಷೇತ್ರರಕ್ಷಣೆಗೆ ತಮ್ಮ ಆರು ಗೋಲ್ಡ್ ಗ್ಲವ್ ಪ್ರಶಸ್ತಿಗಳಲ್ಲಿ ಮೊದಲನೆಯದನ್ನು ಪಡೆದರು. 1997ರಲ್ಲಿ ಕಾಲಿನ ಗಿಣ್ಣು ಮುರಿದಾಗಲೂ ಅದೇ ಬೇಸಿಗೆಯಲ್ಲಿ ಮೈದಾನಕ್ಕೆ ಮರಳಿದರು.

ನಾನು ಅವರನ್ನು ಮೊದಲು ನೋಡಿದ್ದು 1999ರ ನವರಾತ್ರಿಯಲ್ಲಿ, ನ್ಯೂಜೆರ್ಸಿಯ ಬಾಡಿಗೆ ಮನೆಯ ಟೀವಿಯಲ್ಲಿ. ಅಕ್ಟೋಬರ್ 17, ಭಾನುವಾರ. ಯಜಮಾನರು ವೈ2ಕೆ (2000ನೇ ಇಸವಿಯ ಕಂಪ್ಯೂಟರ್ ತೊಂದರೆ) ಕೆಲಸಕ್ಕೆಂದು ಆಫೀಸಿನಲ್ಲಿದ್ದರು. ಬೊಂಬೆ ಕೂರಿಸುವಂತಿರಲಿಲ್ಲ, ನೈವೇದ್ಯಕ್ಕೊಂದಿಷ್ಟು ಕಡಲೆಕಾಳಿನ ಉಸಲಿ ಮಾಡಿ, ಯಾರಿಗೆ ಕೊಡುವುದೆಂದು ತಿಳಿಯದೆ ಮೇಲಿನ ಮನೆಯ ಅಜ್ಜಿಗೆ ಒಂದು ಬಟ್ಟಲು ಕೊಟ್ಟೆ. ನ್ಯೂಯಾರ್ಕಿನ ಮೆಟ್ಸ್ ತಂಡದ ಕಟ್ಟಾ ಅಭಿಮಾನಿಯಾಗಿದ್ದ ಆಕೆ ಬಟ್ಟಲು ಹಿಡಿದುಕೊಂಡೇ ಕೆಳಗಿಳಿದು ಬಂದು ನಮ್ಮ ಟೀವಿ ಹಾಕಿಸಿದರು. ಷೇ ಕ್ರೀಡಾಂಗಣದಲ್ಲಿ ಮಳೆ. ಅಟ್ಲಾಂಟಾ ವಿರುದ್ಧ ಸೋತರೆ ಮೆಟ್ಸ್ ಮನೆಗೆ. ಆಟ ಹದಿನೈದನೆಯ ಇನ್ನಿಂಗ್ಸ್‌ವರೆಗೆ ಎಳೆಯಿತು. ಅಜ್ಜಿ ಒಂದೊಂದು ಕಾಳು ಬಾಯಿಗೆ ಹಾಕುತ್ತ ನನಗೆ ನಿಯಮ ವಿವರಿಸುತ್ತಿದ್ದರು. ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾಗ, ಆಗ ಮೆಟ್ಸ್‌ನಲ್ಲಿದ್ದ ವೆಂಚುರಾ ಚೆಂಡನ್ನು ಬಲಗಡೆಯ ಗೋಡೆಯಾಚೆ ಅಟ್ಟಿದರು. ಓಡುತ್ತಿದ್ದ ಅವರನ್ನು ಜೊತೆಯ ಟಾಡ್ ಪ್ರ್ಯಾಟ್ ಹಿಂದಿರುಗಿ ಬಂದು ತಬ್ಬಿ ಎತ್ತಿಕೊಂಡುಬಿಟ್ಟರು. ಎರಡನೆಯ ಬೇಸ್ ಮುಟ್ಟಲಾಗದ ಕಾರಣ ಆ ಗ್ರ್ಯಾಂಡ್ ಸ್ಲ್ಯಾಮ್ (ನಾಲ್ಕು ರನ್‌ಗಳ ಹೋಮ್ ರನ್) ದಾಖಲೆಯಲ್ಲಿ ಬರೀ ಸಿಂಗಲ್ (ಒಂದೇ ಬೇಸ್‌ನ ಹಿಟ್) ಆಗಿ ಉಳಿಯಿತು; ಮೆಟ್ಸ್ 4-3ರಿಂದ ಗೆದ್ದಿತು. ಅಜ್ಜಿ ನನ್ನ ಎರಡೂ ಕೈ ಹಿಡಿದು ಅತ್ತರು. ಈ ದೇಶದಲ್ಲಿ ನನಗಾದ ಮೊದಲ ನೆಂಟಸ್ತಿಕೆ ಅದು.

ಆ ಹುಡುಗನ ಪಾತ್ರವನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಅವನ ತಂದೆತಾಯಿಯರಲ್ಲಿ, ಮಾತು ಮರೆತ ಇತರ ಮಕ್ಕಳ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ: ದಯವಿಟ್ಟು ತಾಲೀಮಿಗೆ ಕರೆತನ್ನಿ. ತಾಲೀಮು ಪ್ರತಿ ಭಾನುವಾರ ಮಧ್ಯಾಹ್ನ 3ಕ್ಕೆ, ಗ್ರಂಥಾಲಯದ ಸಭಾಂಗಣದಲ್ಲಿ. ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ, ಊಟಕ್ಕೆ ಹೆಸರು ಕೊಡಲು ಅಕ್ಟೋಬರ್ 31 ಕೊನೆಯ ದಿನ. ಬಿಸಿಬೇಳೆಬಾತ್ ಮಾಡುವವರು ಸಿಕ್ಕಿದ್ದಾರೆ, ಮೊಸರನ್ನಕ್ಕೆ ಇನ್ನೂ ಇಬ್ಬರು ಬೇಕು. ನಾಟಕದ ವೇಳೆ ಪರದೆಯ ಹಿಂದೆ ನಿಂತು ಮಕ್ಕಳಿಗೆ ಮಾತು ಎತ್ತಿಕೊಡುವವರು ಒಬ್ಬರೂ ಇಲ್ಲ. ಹೋದ ವರ್ಷವೂ ಇರಲಿಲ್ಲ. ಈ ಪತ್ರಿಕೆಯ ಪುಟ ಜೋಡಿಸುವ ಕೆಲಸವೂ ಒಬ್ಬಳಿಂದ ಆಗುತ್ತಿಲ್ಲ. ಕನ್ನಡ ಓದಬಲ್ಲ ಯಾರಾದರೂ ಈ ವಾರದೊಳಗೆ ನನಗೆ ಫೋನ್ ಮಾಡಿ.