ಹೆಸರು ಹೇಳದೆ ಹೋದ ಹಿರಿಯರಿಗೆ

ಕಳೆದ ಚಾತುರ್ಮಾಸ್ಯದಲ್ಲಿ ನಮ್ಮ ಪಾಠಶಾಲೆಯ ವಾಚನಾಲಯಕ್ಕೆ ಬಂದು, ಭಗವದ್ಗೀತೆಯ 700 ಶ್ಲೋಕಗಳನ್ನು ಎಲ್ಲಿಂದ, ಹೇಗೆ ಓದಬೇಕೆಂದು ತಿಳಿಯದೆ ತಡವರಿಸುತ್ತಿದ್ದ ನಮ್ಮ ಮೂವರ ಜೊತೆ ಇಡೀ ಮಧ್ಯಾಹ್ನ ಕುಳಿತಿದ್ದ ಹಿರಿಯರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ತಾವು ಎಲ್ಲರಿಗೂ ಒಂದೇ ಕ್ರಮವನ್ನು ಹೇರಲಿಲ್ಲ. ಕಂಠಪಾಠ ಸುಲಭವಾಗಿ ಒದಗುತ್ತಿದ್ದ ಗೆಳೆಯನಿಗೆ 20 ಶ್ಲೋಕಗಳಷ್ಟೇ ಇರುವ ಹನ್ನೆರಡನೆಯ ಅಧ್ಯಾಯದಿಂದ ಆರಂಭಿಸಲು ಹೇಳಿದಿರಿ. ಇನ್ನೊಬ್ಬನಿಗೆ ಭಾಷ್ಯದೊಡನೆ ದಿನಕ್ಕೊಂದೇ ಶ್ಲೋಕ ಸಾಕೆಂದಿರಿ. ಬಾಯಿಪಾಠವೆಂದರೆ ಹೆದರುವ (ಈಗಲೂ ಹೆದರುತ್ತೇನೆ) ನನ್ನ ನೋಟ್‌ಪುಸ್ತಕವನ್ನು ಎಳೆದುಕೊಂಡು, ಎಡಪುಟದಲ್ಲಿ ‘ಕರ್ಮಣ್ಯೇವಾಧಿಕಾರಸ್ತೇ’ ಎಂದು ಬರೆದು, ಬಲಪುಟದಲ್ಲಿ ‘ಕರ್ಮಣಿ, ಏವ, ಅಧಿಕಾರಃ, ತೇ’ ಎಂದು ಬಿಡಿಸಿ, “ಮೊದಲು ಪದಚ್ಛೇದ, ಆಮೇಲೆ ಪದಗಳನ್ನು ಅರ್ಥದ ಕ್ರಮಕ್ಕೆ ಜೋಡಿಸುವ ಅನ್ವಯ, ಕೊನೆಗೆ ಅರ್ಥ, ಅನುವಾದವನ್ನು ಮೊದಲೇ ನೋಡಬೇಡಪ್ಪಾ” ಎಂದಿರಿ. ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದ ಆ ಸಾಲಿನೊಳಗೆ ‘ಏವ’ ಎಂಬ ಪುಟ್ಟ ಪದವೊಂದು ಅಡಗಿದೆ, ‘ಕರ್ಮದಲ್ಲಿ ಮಾತ್ರ’ ಎಂಬ ಕಟ್ಟು ಹಾಕುವುದು ಅದೇ ಎಂಬುದು ನನಗೆ ಕಂಡದ್ದು ಅಂದೇ. ಎರಡನೆಯ ಅಧ್ಯಾಯದ 72 ಶ್ಲೋಕಗಳನ್ನೂ ಅದೇ ಕ್ರಮದಲ್ಲಿ ಬಿಡಿಸಿ ಮುಗಿಸಿದ್ದೇನೆ. ಅನ್ವಯದಲ್ಲಿ ಇನ್ನೂ ಎಡವುತ್ತೇನೆ. ತಾವು ಮೇಜಿನ ಮೇಲೆ ಮರೆತುಹೋದ ಪೆನ್ಸಿಲ್ ನನ್ನ ಬಳಿಯೇ ಇದೆ, ಅರ್ಧ ಸವೆದಿದೆ.