ಹೊಗೆರಹಿತ ಮದ್ದು: ಅರ್ಧ ಅಳತೆಯ ಸಲಹೆ ಅಪಾಯಕಾರಿ

ಮಾನ್ಯ ಸಂಪಾದಕರಿಗೆ,

ಬೆಳೆ ಕಾಯುವ ಬಂದೂಕುಗಳ ಕುರಿತು ತಮ್ಮ ಕೃಷಿ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ, ಹೊಗೆರಹಿತ ಮದ್ದು ಕರಿಮದ್ದಿಗಿಂತ ಬಲವಾದದ್ದಾದ್ದರಿಂದ ಅದನ್ನು ಅರ್ಧದಷ್ಟು ಹಾಕಿದರೆ ಸಾಕೆಂಬ ಮಾತು ಬಂದಿದೆ. ಹಾನಗಲ್ಲ, ಶಿಗ್ಗಾಂವಿ ಕಡೆ ಗೋವಿನಜೋಳಕ್ಕೆ ಕಾಡುಹಂದಿ ನುಗ್ಗುವ ದಿನಗಳಲ್ಲಿ, ಅಜ್ಜನ ಕಾಲದ, ನಳಿಗೆಯ ಬಾಯಿಂದ ಮದ್ದು ಜಡಿಯುವ ಬಂದೂಕನ್ನು ಹೊರತೆಗೆಯುವ ಮನೆಗಳು ಇನ್ನೂ ಇವೆ. ಈ ಸಲಹೆಯನ್ನು ನಂಬಿದವರು ಕೈ, ಕಣ್ಣು ಕಳೆದುಕೊಳ್ಳುವ ಸಂಭವವಿರುವುದರಿಂದ, ಸೈನ್ಯದಲ್ಲಿ ಶಸ್ತ್ರಾಸ್ತ್ರ ದುರಸ್ತಿಯ ಕೆಲಸ ಮಾಡಿದ ನಾನು ಈ ಪತ್ರ ಬರೆಯುತ್ತಿದ್ದೇನೆ.

ಪೆಟ್ಲುಪ್ಪು, ಗಂಧಕ, ಇದ್ದಿಲುಗಳಿಂದಾದ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ, ದಟ್ಟ ಹೊಗೆಯಾಗಿ ಹಾರುತ್ತದೆ, ಇಲ್ಲವೇ ನಳಿಗೆಯಲ್ಲಿ ಮಸಿಯಾಗಿ ಕೂರುತ್ತದೆ. ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದಿಗೆ, ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆಯುವ ನೈಟ್ರೋಸೆಲ್ಯುಲೋಸ್ ಆಧಾರ. ಅದು ಬಹುತೇಕ ಪೂರ್ತಿಯಾಗಿ ಅನಿಲವಾಗುತ್ತದೆ. ಒತ್ತಡ ಏರಿದಷ್ಟೂ ಅದು ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಇಂದಿನ ಅನೇಕ ರೈಫಲ್ ತೋಟಾಗಳಲ್ಲಿ ಈ ಒತ್ತಡ ಚದರ ಇಂಚಿಗೆ 50,000 ಪೌಂಡುಗಳನ್ನು ಮೀರುತ್ತದೆ. ಕರಿಮದ್ದಿಗೆಂದೇ ಮಾಡಿದ ಹಳೆಯ ನಳಿಗೆ ಅದನ್ನು ತಾಳುವುದಿಲ್ಲವಾದ್ದರಿಂದ, ಅರ್ಧವಿರಲಿ, ಕಾಲು ಭಾಗದ ಲೆಕ್ಕವೂ ಅಲ್ಲಿ ಸಲ್ಲದು.

ರೈಫಲ್ ತೋಟಾಗಳನ್ನು ಕೈಯಿಂದ ತುಂಬುವ ಕ್ರೀಡಾಪಟುಗಳು ಕೂಡ ಯಾವ ಮದ್ದು ಹೆಚ್ಚು ಬಲವಾದದ್ದೆಂದು ಕೇಳುವುದಿಲ್ಲ, ಎಷ್ಟು ವೇಗವಾಗಿ ಉರಿಯುತ್ತದೆಂದು ಕೇಳುತ್ತಾರೆ. ದೊಡ್ಡ ತೋಟಾ, ಭಾರದ ಗುಂಡು ಇದ್ದಲ್ಲಿ ನಿಧಾನವಾಗಿ ಉರಿಯುವ ಮದ್ದು ಬೇಕು. ಪಿಸ್ತೂಲಿನ ವೇಗದ ಮದ್ದನ್ನು ಅಷ್ಟೇ ತೂಕದಲ್ಲಿ ಅಲ್ಲಿ ತುಂಬಿದರೆ ರೈಫಲ್ಲೇ ಒಡೆಯಬಹುದು. ಕಡ್ಡಿ, ಚಕ್ಕೆ, ಗೋಲಿಯ ಆಕಾರದ ಈ ಕಾಳುಗಳ ಮೇಲೆ ಸಾಮಾನ್ಯವಾಗಿ ಗ್ರಾಫೈಟಿನ ಬೂದು ಲೇಪವಿರುವುದರಿಂದ, ಒಂದೇ ರೀತಿ ಕಾಣುವ ಎರಡು ಮದ್ದುಗಳ ಗುಣ ತೀರಾ ಬೇರೆಯಾಗಿರಬಹುದು. ಆದುದರಿಂದ ಆಯಾ ಮದ್ದಿಗೆ, ಆಯಾ ತೋಟಾ ಮತ್ತು ಗುಂಡಿನ ತೂಕಕ್ಕೆ ತಯಾರಕರೇ ಕೊಟ್ಟ ಕೋಷ್ಟಕವನ್ನು ಬಿಟ್ಟು ಬೇರೆ ಆಧಾರವಿಲ್ಲ. ಚೀಟಿ ಹರಿದ ಡಬ್ಬಿಯ ಮದ್ದು ಎಷ್ಟೇ ದುಬಾರಿಯದಾಗಿದ್ದರೂ ಅದನ್ನು ಬಳಸಬಾರದು.

ಗದಗ, ರೋಣದ ಬೇಸಿಗೆಯ ಬಿಸಿಲನ್ನೂ ಇಲ್ಲಿ ಗಣಿಸಬೇಕು. ಕೆಲವು ಮದ್ದುಗಳು ಕಾದಷ್ಟೂ ಹೆಚ್ಚು ಒತ್ತಡ ಹುಟ್ಟಿಸುತ್ತವೆ. ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಇಟ್ಟ ಮದ್ದು ಕೆಡುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಅಡರುವ ಹುಳಿ ಘಾಟು, ಕೆಂಗಂದು ಹೊಗೆ ಅಥವಾ ಪುಡಿ ಅದರ ಗುರುತುಗಳು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವೆಂಬುದನ್ನೂ ಲೇಖನ ಹೇಳಬೇಕಿತ್ತು. ಗೋವಿನಜೋಳ ತೆನೆಗಟ್ಟುವ ಮೊದಲೇ, ಅದೇ ಪುರವಣಿಯಲ್ಲಿ, ಅಷ್ಟೇ ಎದ್ದು ಕಾಣುವಂತೆ ತಾವು ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸೈನಿಕ,
ಹಾನಗಲ್ಲ, ಹಾವೇರಿ ಜಿಲ್ಲೆ